ಉಪಗ್ರಹ ಏರಿಸೋ ಲೆಕ್ಕ: ಎಂಜಿಎಚ್ ಹಾಕಿದರೆ ಯಾಕೆ ತಪ್ಪು?

ಗಂಗಾವತಿ ಗುಮಾಸ್ತ:
ನಾನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಪಿಯುಸಿ ಓದಿ 26 ವರ್ಷ ಆಯ್ತು. ನಿನ್ನೆ ರಾತ್ರಿ ಮಗಳು ಒಂದು ಲೆಕ್ಕ ತಂದಳು, ಈಗ ಅವಳದು ಮೊದಲ ಪಿಯುಸಿ. 1000 ಕೆಜಿ ಉಪಗ್ರಹವನ್ನು ನೆಲದಿಂದ 35,786 ಕಿಮೀ ಮೇಲಕ್ಕೆ ಒಯ್ಯಲು ಗುರುತ್ವದ ವಿರುದ್ಧ ಎಷ್ಟು ಕೆಲಸ ಆಗುತ್ತದೆ?

ಇದೇನು ಮಹಾ ಅಂತ ಕೂತೆ. ನಮ್ಮಲ್ಲಿ 25 ಕೆಜಿ ಸೋನಾ ಮಸೂರಿ ಚೀಲವನ್ನು ಒಂದೂವರೆ ಮೀಟರ್ ಎತ್ತಿ ಲಾರಿಗೆ ಹಾಕಿದರೆ ಎಂಜಿಎಚ್ (mgh), ಅಂದರೆ ದ್ರವ್ಯರಾಶಿ × ಗುರುತ್ವದ ಎಳೆತ 9.8 × ಎತ್ತರ: 25 × 9.8 × 1.5, ಸುಮಾರು 368 ಜೂಲ್. ಅದೇ ದಾರಿ ಹಿಡಿದೆ, 35,070 ಕೋಟಿ ಜೂಲ್ ಬಂತು. ಪುಸ್ತಕದ ಹಿಂದೆ ನೋಡಿದರೆ 5,300 ಕೋಟಿ! ಮಗಳ ಮುಂದೆ ಮರ್ಯಾದೆ ಹೋಯ್ತು. ಎಲ್ಲಿ ತಪ್ಪಿದೆ?

ರಾಯಚೂರು ಮೇಡಂ:
ಗುಣಾಕಾರ ಸರಿ ಇದೆ ಸರ್. ತಪ್ಪಿದ್ದು 9.8ರಲ್ಲಿ. ಮೇಲೆ ಹೋದಂತೆ ಎಳೆತ ಕಮ್ಮಿ ಆಗುತ್ತದೆ. ಆ ಎತ್ತರದಲ್ಲಿ ಅದು ಬರೀ 0.22. ನೀವು ದಾರಿಯುದ್ದಕ್ಕೂ ನೆಲದ ರೇಟೇ ಹಾಕಿದ್ದೀರಿ.

ನಿಮ್ಮ ಉತ್ತರವನ್ನು ಭೂಮಿಯ ತ್ರಿಜ್ಯ 6,371ರಿಂದ ಗುಣಿಸಿ, ತ್ರಿಜ್ಯ ಮತ್ತು ಎತ್ತರ ಕೂಡಿದ 42,157ರಿಂದ ಭಾಗಿಸಿ. 5,300 ಕೋಟಿ ಬರುತ್ತದೆ.

ಇನ್ನೊಂದು ಮಜಾ ಕೇಳಿ. ಅದೇ ಉಪಗ್ರಹವನ್ನು ಭೂಮಿಯ ಹಿಡಿತದಿಂದ ಪೂರ್ತಿ ಬಿಡಿಸಿ ಎಷ್ಟು ದೂರ ಬೇಕಾದರೂ ಕಳಿಸಲು ಸುಮಾರು 6,240 ಕೋಟಿ ಜೂಲ್ ಸಾಕು. ನಿಮ್ಮದು ಅದರ ಐದು ಪಟ್ಟಿಗಿಂತ ಜಾಸ್ತಿ!

ಗಂಗಾವತಿ ಗುಮಾಸ್ತ:
ಅಯ್ಯೋ. ಹಾಗಾದರೆ ಚೀಲ ಹೊತ್ತು ಅಂಜನಾದ್ರಿಯ 575 ಮೆಟ್ಟಿಲು ಹತ್ತಿದರೂ ಈ ಭಾಗಾಕಾರ ಮಾಡಬೇಕಾ?

ರಾಯಚೂರು ಮೇಡಂ:
ಸುಮ್ನೆ ಯಾಕೆ? ನೂರು ಮೀಟರ್ ಏರಿದರೆ ಬರುವ ವ್ಯತ್ಯಾಸ ಸುಮಾರು 64 ಸಾವಿರದಲ್ಲಿ ಒಂದು ಪಾಲು. ನಿಮ್ಮ ಚೀಲದಲ್ಲಿ ಅರ್ಧ ಗ್ರಾಂ ಅಕ್ಕಿಯೂ ಅಲ್ಲ.

ಬಳ್ಳಾರಿ ವೆಲ್ಡರ್:
ಅಣ್ಣಾ, ನಡುವೆ ಬಾಯಿ ಹಾಕ್ತೀನಿ. ಎತ್ತೋದು ಒಂದು, ಅಲ್ಲಿ ನಿಲ್ಲಿಸೋದು ಇನ್ನೊಂದು. ಇದೇ 1000 ಕೆಜಿಯನ್ನು 400 ಕಿಮೀಗೆ ಎತ್ತಲು ಸುಮಾರು 369 ಕೋಟಿ ಜೂಲ್. ಆದರೆ ಅಲ್ಲಿ ಬೀಳದೆ ಸುತ್ತಬೇಕು ಅಂದರೆ ಸೆಕೆಂಡಿಗೆ 7.67 ಕಿಮೀ ವೇಗ ಬೇಕು. ಅದಕ್ಕೇ 2,940 ಕೋಟಿ, ಎಂಟು ಪಟ್ಟು! ರಾಕೆಟ್ ನೆಟ್ಟಗೆ ಹೋಗದೆ ವಾಲೋದು ಅದಕ್ಕೇ.

ಗಂಗಾವತಿ ಗುಮಾಸ್ತ:
ಮಗಳಿಗೆ ಓದಿ ಹೇಳಿದೆ. "ಅಪ್ಪಾ, ನೀನು ಲಾರಿ ಲೋಡ್ ಮಾತ್ರ ನೋಡ್ಕೋ" ಅಂದಳು. ಲಾರಿ ಲೆಕ್ಕ ಸರಿ ಇತ್ತಲ್ವಾ ಮೇಡಂ?