ಡಾಕ್ಟರ್ ಮುಂದೆ ದುಭಾಷಿ: ಗ್ರೂಪಿನಲ್ಲಿ ನಿಮ್ಮ ಪ್ರಶ್ನೆ ಕೇಳಿ

ಮುಂಗಾರು: ಡಾಕ್ಟರ ಭಾಷೆ ಬಾರದವರು ಆಸ್ಪತ್ರೆಯಲ್ಲಿ ದುಭಾಷಿ ಬೇಕು ಅಂತ ಯಾವಾಗ ಹೇಳಬೇಕು ಮೇಡಂ?

ದುಭಾಷಿ: ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ. ಹೊತ್ತು ಜಾಸ್ತಿ ಕೇಳಿ. ಪ್ರತಿ ಮಾತನ್ನೂ ಎರಡು ಸಲ ಆಡಬೇಕಾಗುತ್ತದೆ.

ಸಂಪಿಗೆ: ಅನುವಾದ ಮಾಡುವ ಮೊಬೈಲ್ ಆ್ಯಪ್ ಸಾಲದಾ?

ದುಭಾಷಿ: ಕೌಂಟರ್ ಎಲ್ಲಿ ಅಂತ ಕೇಳಲು ಸಾಕು. ಕಾಯಿಲೆ ಹೇಳಲು ಬೇಡ.

ಏಣಿ: ಮೊನ್ನೆ ಅಪ್ಪನ ಪರವಾಗಿ ನಾನೇ ಮಾತಾಡಿದೆ. ‘ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತೆ’ ಅಂದರು. ನಾನು ಡಾಕ್ಟರಿಗೆ ‘ಗ್ಯಾಸ್’ ಅಂದೆ. ಮಾತ್ರೆ ಕೊಟ್ಟು ಕಳಿಸಿದರು. ತಪ್ಪಾಯಿತಾ?

ದುಭಾಷಿ: ತಪ್ಪಾಗಿದೆ. ಇವತ್ತೇ ಮತ್ತೆ ತೋರಿಸಿ. ‘ಗ್ಯಾಸ್’ ನಿಮ್ಮ ತೀರ್ಮಾನ, ಅಪ್ಪನ ಮಾತಲ್ಲ. ಹತ್ತುವಾಗ ಹಿಡಿದು, ನಿಂತರೆ ಬಿಡುವ ನೋವು ಹೃದಯದ್ದೂ ಇರಬಹುದು. ಅದನ್ನು ನಾನೂ ಹೇಳುವ ಹಾಗಿಲ್ಲ, ಡಾಕ್ಟರೇ ನೋಡಬೇಕು. ಒಮ್ಮೆ ಒಬ್ಬ ಅಜ್ಜಿ ಮುಷ್ಟಿ ಬಿಗಿದು ಎದೆಗೆ ಒತ್ತಿಕೊಂಡು ‘ಏನಿಲ್ಲ, ವಾಯು’ ಅಂದರು. ನಾನು ‘ವಾಯು’ ಅನ್ನೋದನ್ನೂ ಹೇಳಿದೆ, ಆ ಮುಷ್ಟಿಯನ್ನೂ ತೋರಿಸಿದೆ. ಡಾಕ್ಟರ್ ಆಗಲೇ ಇಸಿಜಿ ಮಾಡಿಸಿದರು. ಸುಮ್ನೆ ಕೂತಾಗಲೂ ಹಿಡಿದರೆ, ಬೆವರಿದರೆ, ನೋವು ಕೈಗೋ ದವಡೆಗೋ ಹಬ್ಬಿದರೆ ಯಾವ ದುಭಾಷಿಗೂ ಕಾಯಬೇಡಿ. ಆಂಬುಲೆನ್ಸ್ ಕರೆಸಿ.

ಹೊಂಗೆ: ಫಾರ್ವರ್ಡ್ ಬಂದಿದೆ: ಜೋರಾಗಿ ಕೆಮ್ಮುತ್ತಿದ್ದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತಂತೆ.

ದುಭಾಷಿ: ನಿಲ್ಲಲ್ಲ. ಅಳಿಸಿ. ಕೆಮ್ಮುತ್ತಾ ಕೂತರೆ ಆಸ್ಪತ್ರೆ ಸೇರುವ ಹೊತ್ತು ಹಾಳು. ಇದನ್ನು ಇಲ್ಲಿ ಮೂರನೇ ಸಲ ಹೇಳುತ್ತಿದ್ದೇನೆ.

ಹಳೇಪೆನ್ನು: ಹೊರಗಿನವರು ಯಾಕೆ? ನನ್ನ 12 ವರ್ಷದ ಮಗಳೇ ಅವಳಮ್ಮನಿಗೆ ಎಲ್ಲ ಹೇಳುತ್ತಾಳೆ.

ಸಂಪಿಗೆ: ಮುಟ್ಟಿನ ವಿಷಯವನ್ನೂ ಆ ಮಗುವೇ ಹೇಳಬೇಕಾ? ನಾನು ಆ ವಯಸ್ಸಲ್ಲಿ ಅಮ್ಮನಿಗೆ ಗಡ್ಡೆ ಇದೆ ಅಂತ ಹೇಳಬೇಕಾಯಿತು. ಭಯಕ್ಕೆ ಅರ್ಧ ನುಂಗಿಕೊಂಡೆ.

ಹಳೇಪೆನ್ನು: ನಮ್ಮ ಮನೆ ವಿಷಯ ನಿಮಗ್ಯಾಕೆ?

ಸಂಪಿಗೆ: ಗ್ರೂಪಿಗೆ ತಂದಿದ್ದು ನೀವೇ ಅಲ್ವಾ?

ಹಳೇಪೆನ್ನು: ಒಂದು ಪದ ತಪ್ಪಿದರೆ ಆಕಾಶ ಬೀಳುತ್ತಾ?

ದುಭಾಷಿ: 1980ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ 18 ವರ್ಷದ ಹುಡುಗನ ಮನೆಯವರು ‘ಇಂಟಾಕ್ಸಿಕಾಡೊ’ ಅಂದರು. ಅವರ ಸ್ಪ್ಯಾನಿಶ್‌ನಲ್ಲಿ ‘ತಿಂದದ್ದು ಆಗಿಬರಲಿಲ್ಲ’ ಅಂತ. ಡಾಕ್ಟರು ಅದನ್ನು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’, ಅಂದರೆ ಅಮಲೇರಿದೆ ಅಂತ ತಿಳಿದು, ಡ್ರಗ್ಸ್ ಅಂದುಕೊಂಡರು. ಮಿದುಳಿನಲ್ಲಿ ರಕ್ತ ಸೋರುತ್ತಿದ್ದುದು ತಡವಾಗಿ ಗೊತ್ತಾಯಿತು. ಕೈಕಾಲು ಸ್ವಾಧೀನ ತಪ್ಪಿದವು. ಮಗುವಿನ ಮೇಲೆ ಆ ಭಾರ ಹೊರಿಸಬೇಡಿ.

ಮುಂಗಾರು: ದುಭಾಷಿ ಆಗಲು ಎಷ್ಟು ತಿಂಗಳ ತರಬೇತಿ?

ಗುಬ್ಬಿ: ಮೇಡಂ, ಆ್ಯಪ್ ಸಾಕಾಗಲ್ವಾ?

ದುಭಾಷಿ: ಮೇಲೆ ಓದಿ.

ಏಣಿ: ಅಪ್ಪನನ್ನು ಕರೆದುಕೊಂಡು ಹೊರಟಿದ್ದೇನೆ. ಫೋನಲ್ಲಿ ದುಭಾಷಿ ಸಿಕ್ಕಿದ್ದಾರೆ.

ದುಭಾಷಿ: ಒಳ್ಳೇದು. ಅಪ್ಪನೇ ಮಾತಾಡಲಿ, ನೀವು ನಡುವೆ ಬಾಯಿ ಹಾಕಬೇಡಿ. ಬರುವ ಮುಂಚೆ ಯಾವ ಮಾತ್ರೆ ಯಾವಾಗ ಅಂತ ಅಪ್ಪನ ಬಾಯಲ್ಲೇ ಹೇಳಿಸಿ. ಏನಾಯಿತು ಅಂತ ತಿಳಿಸಿ, ಕಾಯುತ್ತಿರುತ್ತೇನೆ.