ಸ್ಪ್ರೇ ಹೊಡೆದರೂ ಸೀನು ನಿಲ್ಲುತ್ತಿಲ್ಲ, ಮೈಟ್ ಸತ್ತಿಲ್ಲವಾ?

ನಿದ್ದೆಗೆಟ್ಟವನು: ಹಾಸಿಗೆಗೆ ಡಸ್ಟ್ ಮೈಟ್ (ದೂಳಿನಲ್ಲಿರುವ ಸಣ್ಣ ಹುಳ) ಕೊಲ್ಲುವ ಸ್ಪ್ರೇ ಹೊಡೆದು ಹತ್ತು ದಿನ ಆಯ್ತು. ಬೆಳಿಗ್ಗೆ ದಿಂಬು ಕೊಡವಿದರೆ ಈಗಲೂ ಸಾಲಾಗಿ ಏಳೆಂಟು ಸೀನು. ಸ್ಪ್ರೇ ಮೋಸನಾ?

ಹಳೇಕಂಬಳಿ: ಹುಳ ಸತ್ತಿರಬಹುದು. ಅದರ ಹಿಕ್ಕೆ ಅಲ್ಲೇ ಇದೆಯಲ್ಲ! ನಿಮ್ಮನ್ನು ಕಾಡುತ್ತಿರುವುದು ಜಾಸ್ತಿ ಅದೇ.

ಬಿಳಿದಿಂಬು: ಹಿಕ್ಕೆ ಎಲ್ಲಿಂದ ಬಂತು ಸರ್? ಮೈಟ್‌ಗೆ ಗುದವೇ ಇಲ್ಲ, ತಿಂದದ್ದನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡು ಸಾಯುತ್ತದೆ ಅಂತ ಓದಿದ್ದೆ.

ಹಳೇಕಂಬಳಿ: ಅದು ಡೆಮೊಡೆಕ್ಸ್, ಮುಖದ ರೋಮದ ಬುಡದಲ್ಲಿರುವ ಹುಳ. ಅದಕ್ಕೂ ಗುದ ಇದೆ ಅಂತ 2022ರಲ್ಲಿ ಗೊತ್ತಾಯ್ತು, ಪಾಪ. ಹಾಸಿಗೆಯಲ್ಲಿರುವುದು ಡರ್ಮಟೊಫ್ಯಾಗಾಯ್ಡಿಸ್. ಉದ್ದ ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು, ಆದರೆ ಬಾಯಿಂದ ಗುದದವರೆಗೆ ಎಲ್ಲವೂ ಇದೆ. ಅನ್ನನಾಳ ಮಿದುಳಿನ ನಡುವೆಯೇ ತೂರಿಕೊಂಡು ಹೋಗುತ್ತದೆ! ನಾವು ಉದುರಿಸಿದ ಚರ್ಮದ ಹೊಟ್ಟು ಅಲ್ಲಿಂದ ನಡುಗರುಳಿಗೆ ಇಳಿಯುತ್ತದೆ. ಅದರ ಎರಡು ಪಕ್ಕಕ್ಕೂ ಒಂದೊಂದು ಚೀಲ. ಕರುಳಿನ ಗೋಡೆಯ ಜೀವಕೋಶಗಳು ಜೀರ್ಣರಸ ಬಿಡುತ್ತವೆ, ಕೆಲವು ತಾವೇ ಕಳಚಿಕೊಂಡು ಆಹಾರದ ಜೊತೆ ಸೇರುತ್ತವೆ. ಇದಕ್ಕೆಲ್ಲ ತೆಳ್ಳನೆಯ ಪೊರೆ ಸುತ್ತಿ ಉಂಡೆ ಆಗುತ್ತದೆ. ಹಿಂಗರುಳಲ್ಲಿ ನೀರು ಹೀರಿಕೊಂಡ ಮೇಲೆ ಅದೇ ಪೊಟ್ಟಣ ಹೊರಗೆ ಬೀಳುತ್ತದೆ. ದಿನಕ್ಕೆ ಸುಮಾರು 20.

ಬಿಳಿದಿಂಬು: ಅಂದ್ರೆ ಜೀರ್ಣರಸವೂ ಪೊಟ್ಟಣದ ಒಳಗೇ ಪಾರ್ಸಲ್!

ಹಳೇಕಂಬಳಿ: ಅದೇ ತೊಂದರೆ. ಅದರಲ್ಲಿ ಡೆರ್ ಪಿ 1 ಅನ್ನುವ ಕಿಣ್ವ ಇದೆ, ಪ್ರೋಟೀನ್ ಕತ್ತರಿಸುವುದೇ ಅದರ ಕೆಲಸ. ಒದ್ದೆ ಮೂಗಿಗೆ ಉಂಡೆ ಅಂಟಿದರೆ ಕರಗಿ ಹೊರಬರುತ್ತದೆ, ನಮ್ಮ ಜೀವಕೋಶಗಳ ನಡುವಿನ ಬೆಸುಗೆಯನ್ನೂ ಬಿಡಿಸುತ್ತದೆ. ಸಾಕಿದ ಮೈಟ್‌ಗಳಲ್ಲಿ ಈ ಅಲರ್ಜನ್ನಿನ (ಅಲರ್ಜಿ ಎಬ್ಬಿಸುವ ವಸ್ತುವಿನ) ಶೇ. 95ಕ್ಕಿಂತ ಹೆಚ್ಚು ಹಿಕ್ಕೆಯಲ್ಲೇ ಇರುತ್ತದೆ ಅಂತ 1981ರಲ್ಲೇ ತೋರಿಸಿದ್ದಾರೆ.

ಸಿಗಡಿಬೇಡ: ಎಲ್ಲವನ್ನೂ ಹಿಕ್ಕೆಯ ತಲೆಗೆ ಕಟ್ಟಬೇಡಿ. ಡೆರ್ ಪಿ 10 ಅನ್ನುವ ಇನ್ನೊಂದು ಅಲರ್ಜನ್ ಮೈಟ್‌ನ ಸ್ನಾಯುವಿನಲ್ಲಿರುವ ಪ್ರೋಟೀನ್. ಸಿಗಡಿಯಲ್ಲೂ ಅದರ ದಾಯಾದಿ ಇದೆ. ನನಗೆ ಎರಡೂ ಆಗುವುದಿಲ್ಲ. ಸತ್ತ ಹುಳದ ಚೂರೂ ಸಾಕು.

ಹಳೇಕಂಬಳಿ: ಒಪ್ಪಿದೆ. ಆದರೆ ಡೆರ್ ಪಿ 10 ಕಾಡುವುದು ಕೆಲವರನ್ನು ಮಾತ್ರ. ಅದು ಬಿಡಿ, ನಿಮ್ಮ ಮಾತು ನನ್ನ ವಾದಕ್ಕೇ ಬಲ ಕೊಡ್ತು. ಚೂರಾಗಲಿ ಹಿಕ್ಕೆಯಾಗಲಿ, ಕೊಂದರೆ ಹೋಗುವುದಿಲ್ಲ, ತೊಳೆಯಬೇಕು. ತಣ್ಣೀರಲ್ಲಿ ಒಗೆದರೂ ಅಲರ್ಜನ್ ಬಹುಪಾಲು ಹೋಗುತ್ತದೆ, ಹುಳ ಮಾತ್ರ ಬದುಕಿರುತ್ತದೆ. 60 ಡಿಗ್ರಿ ನೀರಲ್ಲಿ ಅದೂ ಸಾಯುತ್ತದೆ.

ಬಿಳಿದಿಂಬು: ನೀರೇ ಇಲ್ಲದ ಹಾಸಿಗೆಯಲ್ಲಿ ಅದು ಏನು ಕುಡಿದು ಬದುಕುತ್ತದೆ?

ಸಿಗಡಿಬೇಡ: ಗಾಳಿಯನ್ನೇ. ಮುಂಗಾಲಿನ ಬುಡದ ಗ್ರಂಥಿಯಿಂದ ಉಪ್ಪುರಸ ಒಸರುತ್ತದೆ, ಅದು ಗಾಳಿಯ ತೇವ ಹೀರಿಕೊಂಡು ಬಾಯಿಗೆ ಹರಿಯುತ್ತದೆ. ಗಾಳಿಯ ತೇವಾಂಶ ಶೇ. 50ಕ್ಕಿಂತ ಕೆಳಗೇ ನಿಂತರೆ ಒಣಗಿಹೋಗುತ್ತದೆ.

ನಿದ್ದೆಗೆಟ್ಟವನು: ಹಾಗಾದ್ರೆ ದಿನಾ ಬೆಳಿಗ್ಗೆ ದಿಂಬು ಕೊಡವಿ ನಾನೇ ಮುಖಕ್ಕೆ ಎರಚಿಕೊಳ್ತಿದ್ದೆನಾ?

ಹಳೇಕಂಬಳಿ: ಹೌದು ಮಾರಾಯ್ರೆ. ಆ ಉಂಡೆ ಬಲು ಸಣ್ಣದಲ್ಲ, ಸುಮಾರು 20 ಮೈಕ್ರಾನ್. ಸುಮ್ನೆ ಬಿಟ್ಟರೆ ಬೇಗ ಕೆಳಗೆ ಕೂರುತ್ತದೆ. ಕೊಡವಿದಾಗಲೇ ಮೇಲೇಳುವುದು.