ಡಾರ್ಜಿಲಿಂಗ್‌ನ ಪರ್ವತಾರೋಹಣ ಶಾಲೆ: ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಚಾರಣಪ್ರಿಯೆ: ಮುಂದಿನ ತಿಂಗಳು ಡಾರ್ಜಿಲಿಂಗ್‌ಗೆ ಹೊರಟಿದ್ದೇವೆ. ಹಿಮಾಲಯನ್ ಮೌಂಟನೇರಿಂಗ್ ಇನ್‌ಸ್ಟಿಟ್ಯೂಟ್ ನೋಡಲೇಬೇಕು ಅಂತ ನನ್ನ ಹಟ. ಅಮ್ಮನಿಗೆ ಮಂಡಿ ನೋವು. ನಡಿಗೆ ಜಾಸ್ತಿನಾ? ಹತ್ತದವರಿಗೂ ಮ್ಯೂಸಿಯಂ ಹಿಡಿಸುತ್ತಾ?

ಹಳೇಹಗ್ಗ: ಶಾಲೆ ಇರುವುದು ಪದ್ಮಜಾ ನಾಯ್ಡು ಮೃಗಾಲಯದ ಒಳಗೇ. ಗೇಟಿನಿಂದ ಏರುದಾರಿ, ಅಮ್ಮನವರಿಗೆ ನಿಧಾನವಾಗಿ ನಡೆಯಲು ಹೇಳಿ. ನಡುವೆ ಕೆಂಪು ಪಾಂಡಾ ನೋಡುವ ನೆಪದಲ್ಲಿ ನಿಲ್ಲಬಹುದು, ಅಲ್ವಾ? ತೇನ್‌ಸಿಂಗ್ ಮತ್ತು ಹಿಲರಿ 1953ರಲ್ಲಿ ಎವರೆಸ್ಟ್ ಹತ್ತಿದರು, ಮರುವರ್ಷವೇ ಈ ಶಾಲೆ ಶುರುವಾಯಿತು. ಮ್ಯೂಸಿಯಂನಲ್ಲಿ ಆ ಕಾಲದ ಬೂಟು, ಬಟ್ಟೆ, ಆಮ್ಲಜನಕದ ಸಿಲಿಂಡರ್ ನೋಡಿ. ಇಷ್ಟು ಭಾರ ಹೊತ್ತು 8,848 ಮೀಟರ್ ಏರಿದರಾ ಅನ್ನಿಸುತ್ತದೆ. ನನಗಂತೂ ಈಗಿನ ಹಗುರ ಜಾಕೆಟ್ ಹಾಕಿಕೊಂಡು ಅಲ್ಲಿ ನಿಲ್ಲಲು ನಾಚಿಕೆಯಾಯಿತು. ಹಿಮಾಲಯದ ದೊಡ್ಡ ಉಬ್ಬು ನಕ್ಷೆಯ ಮುಂದೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಹೊರಗೆ ತೇನ್‌ಸಿಂಗ್ ಪ್ರತಿಮೆ, ಸಮಾಧಿ ಇವೆ. ಅರ್ಧ ದಿನ ಇಟ್ಟುಕೊಳ್ಳಿ.

ಮಂಜುಗಣ್ಣು: ಗುರುವಾರ ಮಾತ್ರ ಹೋಗಬೇಡಿ, ರಜೆ. ಬೆಳಿಗ್ಗೆ ಬೇಗ ಹೋದರೆ ಕಾಂಚನಜುಂಗಾ ಕಾಣುವ ಆಸೆ ಇಟ್ಟುಕೊಳ್ಳಬಹುದು. ಆಮೇಲೆ ಮೋಡ ಮುಚ್ಚುತ್ತದೆ.

ಚಾರಣಪ್ರಿಯೆ: ಥ್ಯಾಂಕ್ಸ್! ಸುಮ್ನೆ ಕೇಳ್ತೀನಿ, ತರಬೇತಿಯನ್ನೂ ಅಲ್ಲೇ ಕೊಡ್ತಾರಾ?

ಹಳೇಹಗ್ಗ: ಆರಂಭದ ಪಾಠ, ಬಂಡೆ ಹತ್ತುವುದು ಡಾರ್ಜಿಲಿಂಗ್‌ನಲ್ಲಿ. ಹಿಮದ ಪಾಠಕ್ಕೆ ಪಶ್ಚಿಮ ಸಿಕ್ಕಿಂನ ಚೌರಿಖಾಂಗ್ ಬೇಸ್ ಕ್ಯಾಂಪ್‌ಗೆ ಕರೆದೊಯ್ಯುತ್ತಾರೆ. ಸೇರುವ ಮನಸ್ಸಿದ್ದರೆ ಈಗಿಂದಲೇ ಭಾರ ಹೊತ್ತು ಮೆಟ್ಟಿಲು ಹತ್ತಿ.